ನಾಡಿ ಹಿಡಿಯುವ ಕೈಗಳು ಎಷ್ಟಿವೆ?

ಪ್ರತಿವರ್ಷ ಮೇ 12ರಂದು ಜಗತ್ತಿನಾದ್ಯಂತ ದಾದಿಯರ ದಿನವನ್ನು ಆಚರಿಸಲಾಗುತ್ತದೆ. ಆಸ್ಪತ್ರೆಗಳ ಸಭಾಭವನಗಳಲ್ಲಿ ಮೋಂಬತ್ತಿ ಬೆಳಗುತ್ತದೆ, ಹೂಗುಚ್ಛಗಳು ಹಂಚಿಹೋಗುತ್ತವೆ, ತ್ಯಾಗ ಹಾಗೂ ಸೇವೆಯ ಕುರಿತು ಭಾಷಣಗಳಾಗುತ್ತವೆ. 2025ರ ಅದೇ ದಿನ ವಿಶ್ವ ಆರೋಗ್ಯ ಸಂಸ್ಥೆಯು ಜಗತ್ತಿನ ಶುಶ್ರೂಷಾ ವೃತ್ತಿಯ ಸ್ಥಿತಿಗತಿಯ ಬಗ್ಗೆ ಒಂದು ವರದಿಯನ್ನು ಹೊರತಂದಿತು. ಅದರಂತೆ 2023ರಲ್ಲಿ ಜಗತ್ತಿನಲ್ಲಿದ್ದ ದಾದಿಯರು 2 ಕೋಟಿ 98 ಲಕ್ಷ. ಬೇಕಾಗಿದ್ದೂ ಇಲ್ಲದವರು 58 ಲಕ್ಷ. ಇರುವವರಲ್ಲಿ ಪ್ರತಿ ಏಳು ಮಂದಿಗೆ ಒಬ್ಬರು ಹುಟ್ಟಿದ್ದು ಒಂದು ದೇಶದಲ್ಲಿ, ದುಡಿಯುತ್ತಿರುವುದು ಇನ್ನೊಂದು ದೇಶದಲ್ಲಿ.

ಈ ಕೊನೆಯ ಅಂಕಿಯನ್ನು ಕಂಡು ನಮ್ಮ ಕಥೋಲಿಕ ಕುಟುಂಬಗಳು ಅಚ್ಚರಿಪಡಬೇಕಾಗಿಲ್ಲ. ಮಗಳೋ ಸೊಸೆಯೋ ಕೊಲ್ಲಿ ರಾಷ್ಟ್ರದಲ್ಲಿ, ಐರ್ಲೆಂಡಿನಲ್ಲಿ ಅಥವಾ ಇಂಗ್ಲೆಂಡಿನಲ್ಲಿ ದಾದಿಯಾಗಿರುವ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿ ಬೇಕಾದಷ್ಟಿವೆ. ಆದರೆ 58 ಲಕ್ಷದ ಕೊರತೆ ಎಂದರೆ ಏನೆಂಬುದನ್ನು ನಾವು ಬಹುಶಃ ಗಂಭೀರವಾಗಿ ಯೋಚಿಸಿಲ್ಲ. ಅದೊಂದು ನೌಕರಿಯ ಲೆಕ್ಕ, ಆಡಳಿತ ಮಂಡಳಿಯ ತಲೆನೋವು, ಹೆಚ್ಚೆಂದರೆ ವೇತನದ ತಕರಾರು ಎಂಬ ಭಾವನೆ ನಮ್ಮಲ್ಲಿದೆ. ಅದು ಹಾಗಲ್ಲ, ಅದು ಚಿಕಿತ್ಸೆಯದೇ ಪ್ರಶ್ನೆ ಎಂಬುದನ್ನು ತೋರಿಸಲು ತುರ್ತುಚಿಕಿತ್ಸಾ ವಿಭಾಗದ ಒಂದೇ ಒಂದು ಸ್ಥಿತಿಯನ್ನು ಇಲ್ಲಿ ಪರಿಶೀಲಿಸೋಣ. ವೈದ್ಯರು ಅದನ್ನು 'ಶಾಕ್' ಎನ್ನುತ್ತಾರೆ.

ಶಾಕ್ ಎಂಬ ಪದ ಕೇಳಿದೊಡನೆ ನಮಗೆ ನೆನಪಾಗುವುದು ವಿದ್ಯುತ್ ತಂತಿ. ಇಲ್ಲವೇ ಸಾವಿನ ಸುದ್ದಿ ಕೇಳಿ ಕುಸಿದು ಕುಳಿತವರು. ವೈದ್ಯಶಾಸ್ತ್ರದಲ್ಲಿ ಅದಕ್ಕಿರುವ ಅರ್ಥ ಬೇರೆ. ದೇಹದ ಅಂಗಾಂಗಗಳಿಗೆ ಬೇಕಾದಷ್ಟು ರಕ್ತ, ಅದರ ಮೂಲಕ ಬೇಕಾದಷ್ಟು ಆಮ್ಲಜನಕ ತಲುಪದೆ ಜೀವಕೋಶಗಳು ಸಾಯತೊಡಗುವ ಸ್ಥಿತಿಯೇ ಶಾಕ್. ಅಪಘಾತದಲ್ಲಿ ರಕ್ತ ಸೋರಿದರೆ ಬರಬಹುದು. ವಾಂತಿಭೇದಿಯಿಂದ ಮೈಯ ನೀರು ಬತ್ತಿದರೆ ಬರಬಹುದು. ಹೃದಯಾಘಾತವಾಗಿ ಹೃದಯದ ಪಂಪು ಸೋತರೆ, ರೋಗಾಣುಗಳ ನಂಜು ರಕ್ತಕ್ಕೇರಿದರೆ, ಔಷಧ ಒಗ್ಗದೆ ಮೈ ಕೆರಳಿದರೆ, ಬೆನ್ನುಹುರಿಗೆ ಪೆಟ್ಟಾದರೆ ಬರಬಹುದು. ಕಾರಣ ಯಾವುದೇ ಇರಲಿ, ಸಮಯಕ್ಕೆ ತಡೆಯದಿದ್ದರೆ ಮೂತ್ರಪಿಂಡ, ಯಕೃತ್ತು, ಮೆದುಳು ಒಂದರ ಹಿಂದೊಂದು ಕೈಬಿಡುತ್ತವೆ.

ಶಾಕಿನ ಅಪಾಯವಿರುವುದು ಅದರ ಕಪಟದಲ್ಲಿ. ವಯಸ್ಕನೊಬ್ಬನ ಮೈಯಲ್ಲಿ ಸುಮಾರು 5 ಲೀಟರು ರಕ್ತವಿರುತ್ತದೆ. ಅದರಲ್ಲಿ ಒಂದು ಲೀಟರಿಗೂ ಹೆಚ್ಚು ಸೋರಿಹೋದ ಮೇಲೂ ರಕ್ತದೊತ್ತಡದ ಮೇಲಿನ ಅಂಕಿ ಹೆಚ್ಚುಕಡಿಮೆ ಸರಿಯಾಗಿಯೇ ಕಾಣಿಸಬಹುದು. ದೇಹವು ಕೈಕಾಲುಗಳ ರಕ್ತನಾಳಗಳನ್ನು ಬಿಗಿಹಿಡಿದು, ಹೃದಯವನ್ನು ವೇಗವಾಗಿ ಓಡಿಸಿ, ಇದ್ದ ರಕ್ತವನ್ನು ಹೃದಯಕ್ಕೂ ಮೆದುಳಿಗೂ ಉಳಿಸಿಕೊಡುತ್ತದೆ. ಒಟ್ಟು ರಕ್ತದ ಶೇಕಡಾ 30ರಷ್ಟು ಹೋದ ಬಳಿಕವೇ ಒತ್ತಡ ಸ್ಪಷ್ಟವಾಗಿ ಕುಸಿಯುತ್ತದೆ. ಆಗ ಬಹಳ ತಡವಾಗಿರುತ್ತದೆ. 'ಬಿ.ಪಿ. ನಾರ್ಮಲ್ ಇದೆ, ಗಾಬರಿಪಡಬೇಡಿ' ಎಂಬ ಮಾತು ಎಷ್ಟೋ ಸಲ ನಿಜವಾದ ಸಮಾಧಾನವಲ್ಲ.

ಆದರೆ ಒತ್ತಡ ಕುಸಿಯುವ ಮೊದಲೇ ದೇಹವು ಗುಟ್ಟಾಗಿ ಸುಳಿವು ಕೊಡುತ್ತಿರುತ್ತದೆ. ನಾಡಿ 90ರಿಂದ 110ಕ್ಕೆ ಏರುತ್ತದೆ. ಉಸಿರಾಟ ತುಸು ಚುರುಕಾಗುತ್ತದೆ. ಪಾದ ತಣ್ಣಗಾಗುತ್ತದೆ, ಹಣೆಯಲ್ಲಿ ತಣ್ಣನೆಯ ಬೆವರು ಮೂಡುತ್ತದೆ. ಮೂತ್ರದ ಚೀಲದಲ್ಲಿ ಗಂಟೆಗೆ 30 ಮಿಲಿಲೀಟರಿಗಿಂತ ಕಡಿಮೆ ಸಂಗ್ರಹವಾಗುತ್ತದೆ. ಅಷ್ಟು ಹೊತ್ತು ಸುಮ್ಮನೆ ಮಲಗಿದ್ದ ರೋಗಿ ಹೊದಿಕೆಯನ್ನು ಎಳೆದೆಸೆಯುತ್ತಾನೆ, ಎದ್ದು ಕೂರುತ್ತೇನೆನ್ನುತ್ತಾನೆ, ಸಿಡಿಮಿಡಿಗೊಳ್ಳುತ್ತಾನೆ. ಬಂಧುಗಳಿಗೆ ಅದು ಹಟದಂತೆ ಕಾಣುತ್ತದೆ. ಅನುಭವಿ ದಾದಿಗೆ ಅದು ಮೆದುಳಿಗೆ ಆಮ್ಲಜನಕ ಸಾಲದು ಎಂಬ ಸೂಚನೆ. ಇವುಗಳಲ್ಲಿ ಒಂದನ್ನೇ ಹಿಡಿದು ನೋಡಿದರೆ ಏನೂ ತಿಳಿಯದು. ಒಂದು ಗಂಟೆಯ ಹಿಂದೆ ಹೇಗಿತ್ತು, ಈಗ ಹೇಗಿದೆ ಎಂದು ಹೋಲಿಸಬಲ್ಲವರು ಬೇಕು. ವೈದ್ಯರು ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ, ಕರೆದಾಗ ಮತ್ತೊಮ್ಮೆ ಬರುತ್ತಾರೆ. ನಡುವಿನ ಗಂಟೆಗಳೆಲ್ಲ ದಾದಿಯವು. ವೈದ್ಯರನ್ನು ಕರೆಯಬೇಕೋ ಬೇಡವೋ ಎಂದು ಮೊದಲು ತೀರ್ಮಾನಿಸುವವರೂ ಅವರೇ.

ಯಂತ್ರಗಳು ಈ ಕೆಲಸ ಮಾಡಲಾರವೇ ಎಂದು ಕೇಳುವವರಿದ್ದಾರೆ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಲ್ಲಿ ಉಲ್ಲೇಖನೀಯ. ದಕ್ಷಿಣ ಅಮೆರಿಕದ ಐದು ರಾಷ್ಟ್ರಗಳ 28 ಆಸ್ಪತ್ರೆಗಳಲ್ಲಿ ನಂಜಿನ ಶಾಕಿಗೆ ತುತ್ತಾದ 424 ರೋಗಿಗಳನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿನ ಚಿಕಿತ್ಸೆಗೆ ಪ್ರಯೋಗಾಲಯದಲ್ಲಿ ರಕ್ತದ ಲ್ಯಾಕ್ಟೇಟ್ ಅಳೆಯುವುದೇ ಮಾರ್ಗದರ್ಶಿ. ಇನ್ನೊಂದು ಗುಂಪಿಗೆ ಬೆರಳ ತುದಿಯನ್ನು 10 ಸೆಕೆಂಡು ಒತ್ತಿಹಿಡಿದು ಬಿಟ್ಟು, ಬಿಳಿಚಿದ ಚರ್ಮಕ್ಕೆ ಮತ್ತೆ ಕೆಂಪು ಬರಲು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತದೆಯೇ ಎಂದು ಪ್ರತಿ ಅರ್ಧ ಗಂಟೆಗೊಮ್ಮೆ ನೋಡುವುದು ಮಾರ್ಗದರ್ಶಿ. 28 ದಿನಗಳಲ್ಲಿ ಮೊದಲ ಗುಂಪಿನ ಶೇಕಡಾ 43.4 ಮಂದಿ ತೀರಿಕೊಂಡರೆ, ಬೆರಳೊತ್ತಿ ನೋಡಿದ ಗುಂಪಿನಲ್ಲಿ ತೀರಿಕೊಂಡವರು ಶೇಕಡಾ 34.9. ಈ ಅಂತರ ಆಕಸ್ಮಿಕವಲ್ಲವೆಂದು ಸಂಖ್ಯಾಶಾಸ್ತ್ರದ ಕಟ್ಟುನಿಟ್ಟಿನ ಮಾನದಂಡದಲ್ಲಿ ಸಿದ್ಧವಾಗಲಿಲ್ಲ ಎಂಬುದನ್ನೂ ಹೇಳಬೇಕು. ಹಾಗಿದ್ದರೂ ಖರ್ಚಿಲ್ಲದ ಆ ಪರೀಕ್ಷೆಯನ್ನು ಕೀಳೆಂದು ಯಾರೂ ತಳ್ಳಿಹಾಕುವಂತಿಲ್ಲ. ಅದಕ್ಕೆ ಬೇಕಾದುದು ಅರ್ಧ ಗಂಟೆಗೊಮ್ಮೆ ಹಾಸಿಗೆಯ ಬಳಿ ಬರಲು ಬಿಡುವಿರುವ ಒಬ್ಬ ವ್ಯಕ್ತಿ.

ಇಂತಹುದೇ ಇನ್ನೊಂದು ಪಾಠ ನಮ್ಮ ರಾಜ್ಯದಲ್ಲೇ ಹುಟ್ಟಿದೆ. ಅದನ್ನು ತುಸು ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮವರಿಗೇ ಅದು ಹೆಚ್ಚು ತಿಳಿದಿಲ್ಲ. ಹೆರಿಗೆಯಾದ ತಾಯಿಗೆ ರಕ್ತಸ್ರಾವ ಮಿತಿಮೀರಿದರೆ ಕೆಲವೇ ಗಂಟೆಗಳಲ್ಲಿ ಶಾಕ್ ಉಂಟಾಗಿ ಸಾವು ಸಂಭವಿಸಬಹುದು. 500 ಮಿಲಿಲೀಟರು ದಾಟಿದರೆ ಎಚ್ಚರ ವಹಿಸಬೇಕೆಂದು ಪುಸ್ತಕ ಹೇಳುತ್ತದೆ. ಆದರೆ ಬಟ್ಟೆಯಲ್ಲಿ, ಹಾಸಿಗೆಯಲ್ಲಿ, ನೆಲದಲ್ಲಿ ಹರಡಿದ ರಕ್ತವನ್ನು ಕಣ್ಣಂದಾಜಿನಿಂದ ಅಳೆಯುವುದು ಹೇಗೆ? ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಹೋದ್ಯೋಗಿಗಳೊಂದಿಗೆ ಸೇರಿ ಇದಕ್ಕೊಂದು ಸರಳ ಸಾಧನವನ್ನು ರೂಪಿಸಿದರು. ತಾಯಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ, ಅದರ ತುದಿಯಲ್ಲಿ ಅಳತೆಯ ಗೆರೆಗಳಿರುವ ಚೀಲ, ಅಷ್ಟೇ. ಅದನ್ನು ಬಳಸಿ ನೋಡಿದಾಗ, ಕಣ್ಣಂದಾಜು ಅಳತೆಗೆ ಸಿಕ್ಕಿದ ರಕ್ತಕ್ಕಿಂತ ಮೂರನೇ ಒಂದರಷ್ಟು ಕಡಿಮೆಯಿರುವುದು ತಿಳಿದುಬಂತು.

ಅದೇ ತಂಡ 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ತಾಯಂದಿರ ಮೇಲೆ ನಡೆಸಿದ ಅಧ್ಯಯನದಲ್ಲಿ ಹೆರಿಗೆ ಮಾಡಿಸಿದವರು ವೈದ್ಯರಲ್ಲ. ನಾವು ಹಳ್ಳಿಗಳಲ್ಲಿ ನರ್ಸಮ್ಮ ಎಂದು ಕರೆಯುವ ಸಹಾಯಕ ದಾದಿಯರು. ಹೆರಿಗೆಯಾದೊಡನೆ ಅವರು ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಯನ್ನು ನುಂಗಿಸಿದ ತಾಯಂದಿರಲ್ಲಿ ಅತಿರಕ್ತಸ್ರಾವದ ಪ್ರಮಾಣ ಶೇಕಡಾ 6.4 ಇತ್ತು, ಔಷಧವಿಲ್ಲದ ಮಾತ್ರೆ ಪಡೆದವರಲ್ಲಿ ಶೇಕಡಾ 12. 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹೆರಿಗೆಯ ರಕ್ತಸ್ರಾವ ತಡೆಯಲು ಆ ಮಾತ್ರೆಯನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಕಥೆ ಅಲ್ಲಿಗೆ ನಿಲ್ಲಲಿಲ್ಲ. 2023ರಲ್ಲಿ ಕೀನ್ಯಾ, ನೈಜೀರಿಯಾ, ತಾಂಜಾನಿಯಾ ಮತ್ತು ದಕ್ಷಿಣ ಆಫ್ರಿಕಗಳ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕಿದ ಹೆರಿಗೆಗಳ ಅಧ್ಯಯನವೊಂದು ಬೆಳಕು ಕಂಡಿತು. ಅಲ್ಲಿಯೂ ಗೆರೆ ಹಾಕಿದ ಚೀಲವನ್ನೇ ಬಳಸಲಾಗಿತ್ತು. ರಕ್ತ ಆ ಗೆರೆ ಮುಟ್ಟಿದೊಡನೆ ಗರ್ಭಕೋಶವನ್ನು ಉಜ್ಜುವುದು, ಔಷಧ, ಶಿರಾದ್ರವ, ಪರೀಕ್ಷೆ ಎಲ್ಲವನ್ನೂ ಒಂದರ ನಂತರ ಒಂದೆಂದು ಕಾಯದೆ ಒಟ್ಟಿಗೆ ಆರಂಭಿಸಲು ದಾದಿ-ಸೂಲಗಿತ್ತಿಯರಿಗೆ ತರಬೇತಿ ನೀಡಲಾಗಿತ್ತು. ಹಳೆಯ ಪದ್ಧತಿಯಲ್ಲಿ ಅತಿರಕ್ತಸ್ರಾವದ ಅರ್ಧದಷ್ಟು ಪ್ರಕರಣಗಳು ಮಾತ್ರ ಕಣ್ಣಿಗೆ ಬೀಳುತ್ತಿದ್ದವು; ಹೊಸ ಕ್ರಮದಲ್ಲಿ ಶೇಕಡಾ 93ರಷ್ಟು ಪತ್ತೆಯಾದವು. ಗಂಭೀರ ಪರಿಣಾಮಗಳು ಶೇಕಡಾ 4.3ರಿಂದ 1.6ಕ್ಕೆ ಇಳಿದವು. ಹೊಸ ಔಷಧವನ್ನೇನೂ ಕಂಡುಹಿಡಿದಿರಲಿಲ್ಲ. ನೋಡುವ ಕಣ್ಣಿಗೆ ಒಂದು ಅಳತೆಗೋಲನ್ನೂ, ನೋಡಿದವರಿಗೆ ಕೂಡಲೇ ಕೆಲಸ ಆರಂಭಿಸುವ ಅಧಿಕಾರವನ್ನೂ ಕೊಡಲಾಗಿತ್ತು.

ಇದನ್ನು ಬರೆಯುವಾಗ ನಮ್ಮದೇ ಚರಿತ್ರೆಯ ಒಂದು ಸಂಗತಿ ನೆನಪಾಗುತ್ತದೆ. ವ್ರತಧಾರಿಣಿಯರಾದ ಧರ್ಮಭಗಿನಿಯರು ಪ್ರಸೂತಿ ಸೇವೆಯಲ್ಲಿ ತೊಡಗಲು ರೋಮಿನಿಂದ ಸ್ಪಷ್ಟ ಅನುಮತಿ ದೊರೆತುದು 1936ರಲ್ಲಿ ಮಾತ್ರ. ಅದಕ್ಕಾಗಿ ವರ್ಷಗಟ್ಟಲೆ ವಾದಿಸಿದವರಲ್ಲಿ ವೈದ್ಯಕೀಯ ಮಿಷನ್ ಭಗಿನಿಯರ ಸಂಸ್ಥೆಯ ಸ್ಥಾಪಕಿ ಡಾ. ಅನ್ನಾ ಡೆಂಗೆಲ್ ಪ್ರಮುಖರು. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಆರಂಭಿಸಿದ ಸೇವೆ, 1886ರಲ್ಲಿ ಬೆಂಗಳೂರಿನಲ್ಲಿ ತಲೆಯೆತ್ತಿದ ಸಂತ ಮಾರ್ಥಾ ಆಸ್ಪತ್ರೆ ಇವುಗಳನ್ನೆಲ್ಲ ನಾವು ಅಭಿಮಾನದಿಂದ ಸ್ಮರಿಸುತ್ತೇವೆ. ಅಲ್ಲಿ ರಾತ್ರಿಯಿಡೀ ಎಚ್ಚರವಿದ್ದ ಕೈಗಳಿಗೂ ಆ ಸ್ಮರಣೆಯಲ್ಲಿ ಪಾಲಿರಬೇಕು.

ಶಾಕ್ ಗುರುತಿಸಿದ ಮೇಲೆ ದಾದಿಯ ಕೆಲಸ ಮುಗಿಯುವುದಿಲ್ಲ, ಇಮ್ಮಡಿಯಾಗುತ್ತದೆ. ದಪ್ಪ ಸೂಜಿಯಿಂದ ಎರಡು ಕಡೆ ರಕ್ತನಾಳ ಹಿಡಿಯಬೇಕು. ರಕ್ತ ಸೋರಿದವರನ್ನು ಬೆಚ್ಚಗಿಡಬೇಕು. ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದುತ್ತದೆ. ನಂಜಿನ ಶಾಕ್ ಆದರೆ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ರಕ್ತಕ್ಕೆ ಸೇರಬೇಕು. ಒತ್ತಡವನ್ನು ಎತ್ತಿಹಿಡಿಯಲು ಹನಿಹನಿಯಾಗಿ ಬಿಡುವ ನೊರ್‌ಅಡ್ರಿನಲಿನ್ ರಕ್ತನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಮಾಂಸವೇ ಕೊಳೆಯಬಹುದಾದ್ದರಿಂದ ಸೂಜಿಯ ಜಾಗವನ್ನು ಮತ್ತೆ ಮತ್ತೆ ನೋಡುತ್ತಿರಬೇಕು. ಹಾವು ಕಚ್ಚಿದವರಿಗೆ ಕೊಡುವ ಪ್ರತಿವಿಷವೇ ಕೆಲವರಿಗೆ ಒಗ್ಗದೆ ಶಾಕ್ ತರುತ್ತದೆ. ಆ ಕ್ಷಣಕ್ಕೆಂದು ತೊಡೆಗೆ ಚುಚ್ಚುವ ಅಡ್ರಿನಲಿನ್ ಪಕ್ಕದಲ್ಲೇ ಸಿದ್ಧವಾಗಿರಬೇಕು. 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ ನಮ್ಮ ರಾಜ್ಯದಲ್ಲಿ ಇದು ದೂರದ ಮಾತಲ್ಲ. ಶಿರಾದ್ರವದ ಬಾಟಲಿಯ ಮೇಲೂ ಒಂದು ಕಣ್ಣಿಡಬೇಕು. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯ ಬಳಿಕ ತಾಯಂದಿರು ಸತ್ತಾಗ, ಜೀವ ಉಳಿಸಲೆಂದೇ ಇರುವ ಆ ದ್ರವದ ಗುಣಮಟ್ಟವೇ ಪ್ರಶ್ನೆಗೊಳಗಾದುದನ್ನು ನಾವು ಮರೆತಿಲ್ಲ.

ಇಷ್ಟನ್ನೂ ಒಬ್ಬ ದಾದಿ ಎಷ್ಟು ಮಂದಿ ರೋಗಿಗಳಿಗೆ ಏಕಕಾಲದಲ್ಲಿ ಮಾಡಬಲ್ಲಳು? ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ ಬೋಧನಾ ಆಸ್ಪತ್ರೆಗಳಲ್ಲಿ ಮೂವರು ರೋಗಿಗಳಿಗೆ ಒಬ್ಬರು, ಸಾಮಾನ್ಯ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬರು, ತೀವ್ರನಿಗಾ ಘಟಕದಲ್ಲಿ ಒಬ್ಬರಿಗೆ ಒಬ್ಬರು ಎನ್ನುತ್ತದೆ. ರಾತ್ರಿಪಾಳಿಯಲ್ಲಿ ಬಂಧುಗಳ ಬಳಿ ಕುಳಿತು ಬಂದ ನಮ್ಮ ಓದುಗರು ತಾವು ಕಂಡುದನ್ನು ಇದಕ್ಕೆ ಹೋಲಿಸಿ ನೋಡಬಹುದು. ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಅಂಕಿ-ಅಂಶಗಳನ್ನು ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಪ್ರತಿ ದಾದಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಶಸ್ತ್ರಚಿಕಿತ್ಸೆಯಾದವರು 30 ದಿನಗಳೊಳಗೆ ಸಾಯುವ ಸಂಭವ ಶೇಕಡಾ 7ರಷ್ಟು ಹೆಚ್ಚುತ್ತದೆ ಎಂದು ತೋರಿಸಿತು. ಕ್ಯಾಲಿಫೋರ್ನಿಯಾ ರಾಜ್ಯವು 1999ರಲ್ಲೇ ಕಾನೂನು ಮಾಡಿ 2004ರಿಂದ ಅದನ್ನು ಜಾರಿಗೊಳಿಸಿದೆ. ಅಲ್ಲಿ ತುರ್ತುವಿಭಾಗದ ದಾದಿಯೊಬ್ಬರಿಗೆ ನಾಲ್ವರಿಗಿಂತ ಹೆಚ್ಚು ರೋಗಿಗಳನ್ನು ವಹಿಸುವಂತಿಲ್ಲ. ನಮ್ಮಲ್ಲಿ ಮಾನದಂಡವಿದೆ, ಆದರೆ ಅದು ಕಾನೂನಿನ ಬಲವಿಲ್ಲದ ಬರಿಯ ಮಾನದಂಡ.

ದೇಶದಲ್ಲಿ ಏನೂ ನಡೆಯುತ್ತಿಲ್ಲವೆಂದು ನಾವು ಹೇಳುತ್ತಿಲ್ಲ. 2023ರ ಮುಂಗಡಪತ್ರದಲ್ಲಿ 157 ಹೊಸ ನರ್ಸಿಂಗ್ ಕಾಲೇಜುಗಳ ಘೋಷಣೆಯಾಯಿತು. ಅದೇ ವರ್ಷ ಸಂಸತ್ತು 1947ರ ಹಳೆಯ ಕಾಯ್ದೆಯ ಬದಲಿಗೆ ರಾಷ್ಟ್ರೀಯ ಶುಶ್ರೂಷಾ ಮತ್ತು ಪ್ರಸೂತಿ ಆಯೋಗದ ಕಾಯ್ದೆಯನ್ನು ಅಂಗೀಕರಿಸಿತು. ರಸ್ತೆ ಅಪಘಾತದ ಗಾಯಾಳುಗಳಿಗೆ ಮೊದಲ ಒಂದು ಗಂಟೆಯೊಳಗೆ ಹಣ ಕೇಳದೆ ಚಿಕಿತ್ಸೆ ನೀಡುವ ಯೋಜನೆ ರೂಪಿಸುವಂತೆ ಸುಪ್ರೀಂ ಕೋರ್ಟು 2025ರ ಜನವರಿಯಲ್ಲಿ ಕೇಂದ್ರ ಸರಕಾರಕ್ಕೆ ತಾಕೀತು ಮಾಡಿತು; ಮೇ ತಿಂಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಯೋಜನೆ ಪ್ರಕಟವಾಯಿತು. 2022ರಲ್ಲಿ 1,68,491 ಮಂದಿ ರಸ್ತೆಗಳಲ್ಲಿ ಜೀವ ತೆತ್ತ ದೇಶಕ್ಕೆ ಇದು ಬಹಳ ತಡವಾಗಿ ಬಂದ ವರ. ಆದರೆ ಹಣದ ಭಯವಿಲ್ಲದೆ ಆಸ್ಪತ್ರೆಯ ಬಾಗಿಲು ದಾಟಿದ ಗಾಯಾಳುವಿನ ನಾಡಿ ಹಿಡಿಯಲು ಒಳಗೆ ಯಾರಿದ್ದಾರೆ ಎಂಬುದಕ್ಕೆ ಯೋಜನೆಯ ಹಣ ಉತ್ತರ ಕೊಡದು. ಕಾಲೇಜು ಹೆಚ್ಚಿದರೆ ಪದವೀಧರೆಯರು ಹೆಚ್ಚುತ್ತಾರೆ, ನಿಜ. ಅವರನ್ನು ಇಲ್ಲಿ ಉಳಿಸಿಕೊಳ್ಳುವ ಮಾತು ಬೇರೆಯೇ.

ಅವರು ಏಕೆ ಉಳಿಯುವುದಿಲ್ಲ? ಈ ಪ್ರಶ್ನೆಯನ್ನು ನಾವು ಮುಜುಗರವಿಲ್ಲದೆ ಎದುರಿಸಬೇಕು. ಖಾಸಗಿ ಆಸ್ಪತ್ರೆಗಳ ದಾದಿಯರ ವೇತನದ ಬಗ್ಗೆ 2016ರಲ್ಲಿ ಸುಪ್ರೀಂ ಕೋರ್ಟಿನ ನಿರ್ದೇಶನದಂತೆ ರಚಿತವಾದ ಸಮಿತಿಯು, 200ಕ್ಕಿಂತ ಹೆಚ್ಚು ಹಾಸಿಗೆಗಳ ಆಸ್ಪತ್ರೆಯಲ್ಲಿ ಸರಕಾರಿ ದಾದಿಯರಿಗೆ ಸಮನಾದ ವೇತನ, 50 ಹಾಸಿಗೆಗಿಂತ ಚಿಕ್ಕದಾದರೂ ತಿಂಗಳಿಗೆ ಕನಿಷ್ಠ 20,000 ರೂಪಾಯಿ ಕೊಡಬೇಕೆಂದು ಶಿಫಾರಸು ಮಾಡಿತು. ಜಾರಿಗೆ ತರುವ ಹೊಣೆ ರಾಜ್ಯಗಳದ್ದು. ಕೇರಳದಲ್ಲಿ ದಾದಿಯರು ಬೀದಿಗಿಳಿದು ಹೋರಾಡಿದ ಮೇಲೆ 2018ರಲ್ಲಿ ಆ ಕನಿಷ್ಠ ವೇತನದ ಅಧಿಸೂಚನೆ ಹೊರಬಿತ್ತು. ಅಲ್ಲಿ ಮುಷ್ಕರ ನಡೆದ ಆಸ್ಪತ್ರೆಗಳಲ್ಲಿ ಚರ್ಚ್ ಸಂಸ್ಥೆಗಳೂ ಸೇರಿದ್ದವು ಎಂಬುದನ್ನು ಈ ಅಂಕಣದಲ್ಲಿ ಮುಚ್ಚಿಡುವ ಅಗತ್ಯವಿಲ್ಲ. ಸೇವೆಯನ್ನು ದೈವಕರೆಯೆಂದು ಬಣ್ಣಿಸುವುದು ಸರಿ. ಆದರೆ ಸಾಲ ಮಾಡಿ ಓದಿಸಿದ ತಂದೆತಾಯಿಯಿರುವ ಹುಡುಗಿಗೆ ಕಡಿಮೆ ಸಂಬಳ ಕೊಡಲು ಆ ಮಾತನ್ನೇ ನೆಪವಾಗಿಸುವುದು ನ್ಯಾಯವಲ್ಲ. ಆಕೆ ವಿಮಾನ ಹತ್ತಿದರೆ ಹಣದಾಸೆ ಎಂದು ಜರೆಯುವ ಹಕ್ಕು ನಮಗಿಲ್ಲ. ಹೊಸ ಕಟ್ಟಡದ ಆಶೀರ್ವಚನಕ್ಕೆ ಆಮಂತ್ರಣ ಬಂದಾಗ, ರಾತ್ರಿಪಾಳಿಯಲ್ಲಿ ಎಷ್ಟು ದಾದಿಯರಿರುತ್ತಾರೆ ಎಂದು ದಾನಿಗಳು ಕೇಳತೊಡಗಿದರೆ ಒಳ್ಳೆಯದು. ಸ್ಕ್ಯಾನಿಂಗ್ ಯಂತ್ರಕ್ಕೆ ದಾನಿಗಳ ಹೆಸರಿನ ಫಲಕ ಹಾಕುತ್ತಾರೆ. ಒಬ್ಬ ದಾದಿಯ ಒಂದು ವರ್ಷದ ಸಂಬಳಕ್ಕೆ ದಾನ ಕೊಟ್ಟವರ ಫಲಕವನ್ನು ನಾವು ಇನ್ನೂ ಕಂಡಿಲ್ಲ.

ಕುಟುಂಬಗಳ ಪಾಲೂ ಇದರಲ್ಲಿದೆ. ಇಂಗ್ಲೆಂಡಿನಲ್ಲಿ 2021ರಲ್ಲಿ 13 ವರ್ಷದ ಬಾಲಕಿಯೊಬ್ಬಳು ಸೈಕಲಿನಿಂದ ಬಿದ್ದು ಆಸ್ಪತ್ರೆ ಸೇರಿ, ನಂಜೇರಿ ತೀರಿಕೊಂಡಳು. ಮಗಳ ಸ್ಥಿತಿ ಬಿಗಡಾಯಿಸುತ್ತಿದೆ ಎಂದು ತಂದೆತಾಯಿ ಹೇಳಿದ ಮಾತಿಗೆ ಬೆಲೆ ಸಿಕ್ಕಿರಲಿಲ್ಲ. ಅವರ ಹೋರಾಟದ ಫಲವಾಗಿ 2024ರಿಂದ ಅಲ್ಲಿನ ಆಸ್ಪತ್ರೆಗಳಲ್ಲಿ ಆ ಬಾಲಕಿಯ ಹೆಸರಿನ 'ಮಾರ್ಥಾ ನಿಯಮ' ಜಾರಿಗೆ ಬರತೊಡಗಿತು. ರೋಗಿಯ ಸ್ಥಿತಿ ಕೆಡುತ್ತಿದೆ ಎನಿಸಿದರೆ ಬಂಧುಗಳೇ ಇನ್ನೊಂದು ತಜ್ಞ ತಂಡವನ್ನು ನೇರವಾಗಿ ಕರೆಸಬಹುದು. ನಮ್ಮಲ್ಲಿ ಅಂತಹ ನಿಯಮವಿಲ್ಲ. ಹಾಗೆಂದು ವಾರ್ಡಿನಲ್ಲಿ ಇಪ್ಪತ್ತು ಮಂದಿ ಮುತ್ತಿ ದಾದಿಯ ಮೇಲೆ ಕೂಗಾಡುವುದು ಅದಕ್ಕೆ ಬದಲಿಯಲ್ಲ. ಆಸ್ಪತ್ರೆ ಸಿಬ್ಬಂದಿಯ ಮೇಲಿನ ಹಲ್ಲೆಯನ್ನು ತಡೆಯಲು ಕರ್ನಾಟಕದಲ್ಲಿ 2009ರಲ್ಲೇ ಕಾನೂನು ಮಾಡಬೇಕಾಗಿ ಬಂದುದು ಅಭಿಮಾನದ ವಿಷಯವೂ ಅಲ್ಲ.

ರೋಗಿಯ ಬಳಿ ಒಬ್ಬರೇ ಇರಲಿ. 'ಅಪ್ಪ ಹೀಗೆಲ್ಲ ಮಾತನಾಡುವವರಲ್ಲ, ಅರ್ಧ ಗಂಟೆಯಿಂದ ಬೇರೆಯೇ ಆಗಿದ್ದಾರೆ' ಎಂಬ ಒಂದು ಮಾತನ್ನು ದಾದಿಗೆ ಸಮಾಧಾನದಿಂದ ತಿಳಿಸಿದರೆ ಅದು ಉಪಯುಕ್ತ ಮಾಹಿತಿ. ಕುಸಿದವರಿಗೆ ಉಸಿರಾಟದ ತೊಂದರೆ ಇಲ್ಲದಿದ್ದರೆ ಅಂಗಾತ ಮಲಗಿಸಿ, ಹೊದಿಸಿ. ಎಬ್ಬಿಸಿ ನಡೆಸಬೇಡಿ, ಬಾಯಿಗೆ ನೀರಾಗಲಿ ಕಾಫಿಯಾಗಲಿ ಹಾಕಬೇಡಿ. ರಕ್ತ ಸೋರುತ್ತಿದ್ದರೆ ಶುಭ್ರ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿಹಿಡಿದೇ ಆಸ್ಪತ್ರೆಗೆ ಕರೆತನ್ನಿ. ಅಟೆನೊಲಾಲ್, ಮೆಟೊಪ್ರೊಲಾಲ್ ಮುಂತಾದ ಮಾತ್ರೆ ನುಂಗುವ ಹಿರಿಯರಲ್ಲಿ ಎಷ್ಟು ರಕ್ತ ಹೋದರೂ ನಾಡಿ ಏರದಿರಬಹುದು. ಆಗ ಶಾಕಿನ ಮೊದಲ ಸುಳಿವೇ ದಾದಿಗೆ ಸಿಗದು. ಆದ್ದರಿಂದ ಮನೆಯ ಹಿರಿಯರು ದಿನವೂ ತೆಗೆದುಕೊಳ್ಳುವ ಮದ್ದುಗಳ ಹೆಸರು, ಒಗ್ಗದ ಔಷಧದ ಹೆಸರು, ರಕ್ತದ ಗುಂಪು ಇವನ್ನು ಒಂದು ಚೀಟಿಯಲ್ಲಿ ಬರೆದು ಅವರ ಕಿಸೆಯಲ್ಲೋ ಕೈಚೀಲದಲ್ಲೋ ಇಟ್ಟಿರಿ; ತುರ್ತುವಿಭಾಗದ ಬಾಗಿಲಲ್ಲಿ ಮೊದಲು ಎದುರಾಗುವ ದಾದಿಯ ಕೈಗೆ ಆ ಚೀಟಿಯನ್ನು ಕೊಡಿ.